ಬೆಡ್ ಆರರ ಪಥ್ಯ

ಆಸ್ಪತ್ರೆಯಲ್ಲಿ ತಿಂದಷ್ಟು ರುಚಿಯಾಗಿ ಹೊಳಲ್ಕೆರೆಯ ನಮ್ಮ ಮನೆಯಲ್ಲೂ ನಾನು ತಿಂದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಅದೂ ಪಥ್ಯದಲ್ಲಿದ್ದಾಗ. ಸಕ್ಕರೆ ಕಾಯಿಲೆಯವನ ಹೆಬ್ಬೆರಳಿಗೆ ಹೊಸ ಚಪ್ಪಲಿ ಕಚ್ಚಿ, ಅದು ಹುಣ್ಣಾಗಿ, ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಮಲಗುವ ಹೊತ್ತಿಗೆ ನನ್ನ ಹೆಸರು ಹೋಗಿ ‘ಬೆಡ್ ಆರು’ ಎಂದಾಗಿತ್ತು. ಸಕ್ಕರೆ ಹತೋಟಿಗೆ ಬಂದರೆ ಹುಣ್ಣು ಮಾಯುತ್ತದೆ, ಬರದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ನನಗೆ ಮೊದಲರ್ಧ ಮಾತ್ರ ಕೇಳಿಸಿತ್ತು.

ನೋಡಿಕೊಳ್ಳಲು ಮೂವರಿದ್ದರು. ಬೆಳಿಗ್ಗೆ ಹೆಂಡತಿ, ಮಧ್ಯಾಹ್ನ ಹೊಸದುರ್ಗದಿಂದ ಬರುವ ಅಕ್ಕ, ಸಂಜೆ ಚಿತ್ರದುರ್ಗದಲ್ಲೇ ಅಂಗಡಿ ಇಟ್ಟುಕೊಂಡ ಭಾವಮೈದ. ಒಬ್ಬರು ಬಸ್ ಹತ್ತುವಾಗ ಇನ್ನೊಬ್ಬರು ಇಳಿಯುತ್ತಿದ್ದರು, ಪರಸ್ಪರ ಮಾತಿಗೆ ಸಿಗುತ್ತಿರಲಿಲ್ಲ. ಆ ಸಂದಿಯಲ್ಲೇ ನಾನು ಬದುಕು ಕಂಡುಕೊಂಡೆ. ಸುಳ್ಳೇನೂ ಹೇಳಲಿಲ್ಲ, ಗಂಜಿಯ ಬಟ್ಟಲು ನೋಡಿ ಒಂದು ನಿಟ್ಟುಸಿರು ಬಿಡುತ್ತಿದ್ದೆ, ಅಷ್ಟೆ. ಹೆಂಡತಿ ಕರಗಿ ಕಾಫಿಗೆ ಬೆಲ್ಲ ಹಾಕುವಳು. ಅಕ್ಕ, “ಲೇ ತಮ್ಮಾ, ಎಷ್ಟು ಸೊರಗೀಯಪ್ಪ! ಒಂದೇ ಒಂದು ತಿನ್ನು, ನಿನ್ ಹೆಂಡ್ತಿಗೆ ಹೇಳ್ಬ್ಯಾಡ” ಎಂದು ಸೆರಗಿನಡಿಯಿಂದ ಶೇಂಗಾ ಹೋಳಿಗೆ ತೆಗೆಯುವಳು. ಭಾವಮೈದ ಮಿರ್ಚಿಯ ಜೊತೆ ಬಾದಾಮಿ ಹಾಲು ತರುವನು. ಪಥ್ಯ ಮುರಿಯುತ್ತಿರುವುದು ತಾವೊಬ್ಬರೇ ಎಂದು ಮೂವರಿಗೂ ಒಳಗೊಳಗೇ ಅಳುಕು. ನನಗೆ ಮೂರು ಹೊತ್ತೂ ಹಬ್ಬ.

ಚಂದ್ರವಳ್ಳಿಯಲ್ಲಿ ಕೆರೆ ಕಟ್ಟಿಸಿದ ಅರಸನೊಬ್ಬನ ಶಾಸನವಿದೆ. ಕಟ್ಟಿಸಿದ್ದನ್ನು ಬಂಡೆಯ ಮೇಲೆ ಕೆತ್ತಿಸಿದ, ಗೆದ್ದದ್ದನ್ನೂ ಕೆತ್ತಿಸಿದ, ಮಧ್ಯಾಹ್ನ ಏನು ತಿಂದೆ ಎಂಬುದನ್ನು ಮಾತ್ರ ಬಿಟ್ಟ. ಬುದ್ಧಿವಂತ. ನರ್ಸುಗಳದ್ದು ಬೇರೆಯೇ ದಾರಿ. ರೋಗಿ ಕುಡಿದದ್ದು, ಹೊರಗೆ ಹಾಕಿದ್ದು ಎಲ್ಲವನ್ನೂ ಬರೆಯುತ್ತಾರೆ. ಅದೂ ಸಾಲದೆಂದು ಪಾಳಿ ಬದಲಾಗುವಾಗ ಹೋಗುವವರು ಬರುವವರಿಗೆ ಮಂಚದ ಪಕ್ಕದಲ್ಲೇ ನಿಂತು, ರೋಗಿಯ ಕಿವಿಗೆ ಬೀಳುವಂತೆಯೇ ಒಪ್ಪಿಸುತ್ತಾರೆ.

“ಬೆಡ್ ಆರು. ಪಥ್ಯದ ಊಟ. ಇನ್ಸುಲಿನ್ ಕೊಟ್ಟೈತೆ. ಸಕ್ಕರೆ ಮಾತ್ರ ಏರ್ತಾನೇ ಐತೆ, ಯಾಕೋ ಗೊತ್ತಾಗ್ತಿಲ್ಲ.”

ಆಗೆಲ್ಲ ನಾನು ತಿರುಗುವ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಒಂದು ದಿನ ಡಾಕ್ಟರು ಊದಿಕೊಂಡ ಬೆರಳನ್ನು ಒತ್ತಿ, “ಇನ್ನೆರಡು ದಿನ ನೋಡೋಣ” ಎಂದು ಹೋದರು. ಈಗ ಮೊದಲ ದಿನದ ಮಾತಿನ ಉಳಿದರ್ಧವೂ ಕೇಳಿಸಿತು. ನಿಜವಾಗಿ ಹೆದರಿದೆ. ಆದರೂ ಬಾಯಿ ಬಿಡಲಿಲ್ಲ ನೋಡಿ! ಸುದ್ದಿ ಕೇಳಿ ಮೂವರೂ ಒಟ್ಟಿಗೇ ಬಂದರು. ಪಾಳಿ ಬದಲಾಗುವ ಹೊತ್ತು ಅದು. ಹೊರಟಿದ್ದ ಸಿಸ್ಟರ್ ತಮ್ಮ ವರದಿ ಮುಗಿಸಿ ಆ ಮೂವರ ಕಡೆ ತಿರುಗಿದರು.

“ನಮ್ದು ಒಪ್ಪಿಸಿದ್ವಿ. ಈಗ ನೀವು ಒಪ್ಪಿಸ್ರಿ. ಯಾರ್ಯಾರು ಏನೇನ್ ಕೊಟ್ರಿ? ಬೈಯಲ್ಲ, ಹೇಳ್ರಿ. ಬೆರಳು ಉಳೀಬೇಕು.”

ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಬೆಲ್ಲ ಒಪ್ಪಿಕೊಂಡಳು. “ಅಯ್ಯೋ, ನಾನೊಬ್ಳೇ ಅಂದ್ಕಂಡಿದ್ನಲ್ಲೇ ತಾಯಿ!” ಎಂದಳು ಅಕ್ಕ. ಭಾವಮೈದ, “ಬಾದಾಮಿ ಹಾಲಿಗೆ ಗಾಯ ಬೇಗ ಮಾಯ್ತೈತೆ ಅಂತ ಭಾವನೇ ಹೇಳಿದ್ರು” ಎಂದು ನನ್ನನ್ನೇ ಒಪ್ಪಿಸಿಬಿಟ್ಟ. ಪಾಳಿಗೆ ಬಂದ ಸಿಸ್ಟರ್ ಎಲ್ಲವನ್ನೂ ಬರೆದುಕೊಂಡು, “ಯಜಮಾನ್ರೇ, ಏನಾದ್ರೂ ಬಿಟ್ಟೋಗೈತಾ?” ಎಂದು ಕೇಳಿದರು. ಬೆಡ್ ಏಳರವರು ಕೊಟ್ಟ ಮೈಸೂರು ಪಾಕನ್ನು ನಾನೇ ಬರೆಸಿದೆ.

ಅಂದಿನಿಂದ ಮೂವರೂ ನನ್ನ ಮಂಚದ ಪಕ್ಕ ನಿಂತು ಒಬ್ಬರಿಗೊಬ್ಬರು ಒಪ್ಪಿಸತೊಡಗಿದರು. ನಿಟ್ಟುಸಿರಿಗೆ ಬೆಲೆಯೇ ಇಲ್ಲದಾಯಿತು. ಸಕ್ಕರೆ ಇಳಿಯಿತು, ಊತ ಇಳಿಯಿತು, ಬೆರಳು ನನ್ನೊಂದಿಗೇ ಮನೆಗೆ ಬಂತು.

ಮೊನ್ನೆ ಮತ್ತೋಡಿನಲ್ಲಿ ಅಕ್ಕನ ಕಡೆಯ ಮದುವೆ. ಪಂಕ್ತಿಯಲ್ಲಿ ಕುಳಿತಿದ್ದೆ. ಹೆಂಡತಿ ದೂರದ ಸಾಲಿನಲ್ಲಿದ್ದಳು. ಗುರುತು ಪರಿಚಯವಿಲ್ಲದ ಒಬ್ಬಾತ ಹೋಳಿಗೆ ಬುಟ್ಟಿ ಹಿಡಿದು ಬಂದ. ಅಭ್ಯಾಸಬಲದಿಂದ ಒಂದು ನಿಟ್ಟುಸಿರು ಬಿಟ್ಟೆ. ಆತ ನನ್ನ ಮುಖ ನೋಡಿ, ಕಾಲು ನೋಡಿ, “ಬೆಡ್ ಆರು ನೀವೇ ಏನ್ರಿ? ನಿಮ್ಮಕ್ಕ ಎಲ್ಲಾ ಒಪ್ಪಿಸ್ಯಾರೆ” ಎಂದವನೇ ಉತ್ತರಕ್ಕೂ ಕಾಯದೆ ಪಕ್ಕದ ಎಲೆಗೆ ಹೋದ.

ಮಡಚಿಟ್ಟ ಕಾಲಿನ ಹೆಬ್ಬೆರಳನ್ನು ಒಮ್ಮೆ ಅಲ್ಲಾಡಿಸಿ ನೋಡಿದೆ. ಅಲ್ಲಾಡಿತು. ಅವನನ್ನು ಮತ್ತೆ ಕರೆಯಲಿಲ್ಲ. ಇನ್ನಷ್ಟು ಕೋಸಂಬರಿ ಹಾಕಿಸಿಕೊಂಡೆ.