ನಕೋ ಅಂದರೆ ನಾಕು

ಹಂಚಿನ ಮೇಲಿನ ಜೋಳದ ರೊಟ್ಟಿಗೆ ಒದ್ದೆ ಅರಿವೆ ಸವರಿದಾಗ ಸುಂಯ್ ಎಂದು ಏಳುವ ಹಬೆಗೆ ಒಂದು ವಾಸನೆ ಇದೆ. ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಸುಳ್ಳು. ಅದು ಸ್ವಲ್ಪ ಸೀದ ಹಿಟ್ಟಿನ, ಸ್ವಲ್ಪ ಒಣಗದ ಬಟ್ಟೆಯ ವಾಸನೆ. ಮೊನ್ನೆ ಮಹಾರಾಷ್ಟ್ರದ ಗಡಿಯ ನಮ್ಮ ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನ ಹೊರಗೆ, ರೊಟ್ಟಿ ಮಾರುವ ಗಾಡಿಯೊಂದರಿಂದ ಅದು ತೇಲಿ ಬಂತು. ಹಲಕರ್ಣಿ ಬಸ್ಸಿನ ಕಂಡಕ್ಟರನ ಧ್ವನಿ ಮಾಡಿ ಗೆಳೆಯರನ್ನು ನಗಿಸುತ್ತಿದ್ದ ನನ್ನ ಬಾಯಿ ಅರ್ಧಕ್ಕೇ ನಿಂತಿತು. ಅವರಿಗೆ ಗಾಬರಿ. ಈ ಬಾಯಿ ತಾನಾಗಿ ನಿಂತದ್ದನ್ನು ಅವರು ಎಂದೂ ಕಂಡಿರಲಿಲ್ಲ.

ಈಗ ಕಾಲೇಜು ರಸ್ತೆಯಲ್ಲಿ ಗಾಜು ಹಚ್ಚಿದ ಹಾಸ್ಟೆಲ್ಲು ನಿಂತಿದೆಯಲ್ಲ, ಅಲ್ಲಿ ನಮ್ಮ ಹೆಂಚಿನ ಮನೆ ಇತ್ತು. ಹಿತ್ತಲಿಗೆ ಬಂದರೆ ಸಾಮಾನಗಡದ ಬೆಟ್ಟ ಕಾಣುತ್ತಿತ್ತು, ಮುಂದಿನ ಇಳಿಜಾರು ಹಿರಣ್ಯಕೇಶಿಯ ದಂಡೆಗೆ ಮುಟ್ಟುತ್ತಿತ್ತು. ಆಷಾಢದಲ್ಲಿ ಆಂಬೋಲಿ ಘಟ್ಟದ ಮೋಡ ಕಣಿವೆಗಿಳಿದು ಒಣಹಾಕಿದ ಬಟ್ಟೆಯನ್ನೆಲ್ಲ ಮತ್ತೆ ಹಸಿ ಮಾಡಿ ಹೋಗುತ್ತಿತ್ತು. ಊರಲ್ಲಿ ಒಂದು ಕಾಲೇಜಿದ್ದದ್ದು ಫಾರ್ಮಸಿ, ನರ್ಸಿಂಗು, ಇಂಜಿನಿಯರಿಂಗು ಎಂದು ಮರಿ ಹಾಕಿದಂತೆಲ್ಲ ಗುಡ್ಡದ ಹಳ್ಳಿಗಳಿಂದ ಹುಡುಗರು ಟ್ರಂಕು ಹೊತ್ತು ಇಳಿದು ಬಂದರು. ಅವರಿಗಾಗಿ ನಮ್ಮ ಆಯಿ ನಡುಮನೆಯಲ್ಲೇ ಖಾನಾವಳಿ ತೆರೆದಳು. ನಮ್ಮ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ, ಆ ಮರಾಠಿ ಹುಡುಗರಿಗೆ ಆಯಿ ಎಂದರೆ ಹೆತ್ತ ತಾಯಿ. ಯಾರು ಕೂಗಿದರೂ ಆಕೆ ಓ ಅನ್ನುತ್ತಿದ್ದಳು, ಯಾವ ಅರ್ಥದಲ್ಲಿ ಎಂದು ಕೇಳುತ್ತಿರಲಿಲ್ಲ. ಹಣೆಗೆ ವಿಭೂತಿ, ಮೊಣಕೈವರೆಗೆ ಹಿಟ್ಟು. ರೊಟ್ಟಿ ಬಡಿಯುವ ಸಪ್ಪಳದಿಂದಲೇ ಆಕೆಯ ಸಿಟ್ಟು ಎಷ್ಟಿದೆ ಎಂದು ನಮಗೆ ತಿಳಿಯುತ್ತಿತ್ತು.

ನಾನು ಆಗಲೇ ಊರಿನ ಎಲ್ಲರನ್ನೂ ಅಣಕಿಸುತ್ತಿದ್ದೆ. ಮಾಸ್ತರರ ಕೆಮ್ಮು, ಸ್ವಾಮಿಗಳ ಆಶೀರ್ವಾದ, ಮೆಣಸಿನಕಾಯಿ ಪೇಟೆಯ ದಲಾಲರ ಸೀನು, ಎಲ್ಲವೂ ನನ್ನ ಗಂಟಲಲ್ಲಿದ್ದವು. ಕನ್ನಡಿಯ ಮುಂದೆ ನಿಂತು ನನ್ನನ್ನೇ ಅಣಕಿಸಹೋದರೆ ಮಾತ್ರ ಏನೂ ಹೊಳೆಯುತ್ತಿರಲಿಲ್ಲ. ಅಣಕಿಸಲು ಅಲ್ಲಿ ಏನಾದರೂ ಇರಬೇಕಲ್ಲ! "ಏ ಮಂಗ್ಯಾ, ಮಂದಿ ದನಿ ಎಲ್ಲಾ ಕದ್ದ ಇಟಗೊಂಡಿ, ನಿಂದ ಎಲ್ಲಿ ಇಟ್ಟೀಯೋ?" ಎಂದು ಆಯಿ ಕೇಳುತ್ತಿದ್ದಳು. ನಾನು ಆ ಪ್ರಶ್ನೆಯನ್ನೂ ಆಕೆಯದೇ ಧ್ವನಿಯಲ್ಲಿ ತಿರುಗಿ ಕೇಳುತ್ತಿದ್ದೆ. ಲಟ್ಟಣಿಗೆ ಹಾರಿ ಬರುತ್ತಿತ್ತು.

ಖಾನಾವಳಿಗೆ ಹೊಸದಾಗಿ ಬಂದವರಲ್ಲಿ ಆಜರಾ ಕಡೆಯ ವಿಠ್ಠಲ ಎಂಬವನೊಬ್ಬನಿದ್ದ. ಉದ್ದ ಕುತ್ತಿಗೆ, ಮಾತಿಗೆ ಮೊದಲೇ ನಾಚಿಕೆ. ಮೊದಲ ದಿನ ಒಂದು ರೊಟ್ಟಿಯನ್ನು ಸಣ್ಣಸಣ್ಣಗೆ ಮುರಿದು ಹೊತ್ತು ಹಾಕಿ ಉಂಡ. ಆಯಿ ಮತ್ತೆ ಬುಟ್ಟಿ ಹಿಡಿದು ಬಂದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿದು, ಮರಾಠಿಯಲ್ಲಿ ಬೇಡ ಎನ್ನಲು, "ನಕೋ" ಅಂದ.

"ನಾಕ ಅಂದ್ಯೇನ ತಮ್ಮಾ? ತಗೋ, ನಾಕ!" ಆಯಿ ಅವನ ಕೈಯ ಮೇಲೇ ನಾಕು ರೊಟ್ಟಿ ಇಟ್ಟಳು.

ಹುಡುಗ ಕಂಗಾಲಾದ. "ಆಯಿ, ನಕೋ ನಕೋ!"

"ಎಂಟ? ಅಯ್ಯ, ಶಾಣ್ಯಾ ಅದಾನ ನೋಡ್ರಿ! ಮೊದ್ಲ ಹೇಳಬಾರದೇನೋ?"

ಪಂಕ್ತಿಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ವಿಠ್ಠಲನೂ ನಕ್ಕ, ಆಮೇಲೆ ತಲೆ ಬಗ್ಗಿಸಿ ನಾಕನ್ನೂ ಉಂಡ. ಆಕೆಗೆ ಮರಾಠಿ ಬರುವುದಿಲ್ಲ ಎಂದೇ ಹುಡುಗರು ನಂಬಿದ್ದರು. ಪೇಟೆಯಲ್ಲಿ ದಲಾಲರ ಜೊತೆ ಆಕೆ ಮರಾಠಿಯಲ್ಲಿ ಜಗಳಾಡುವುದನ್ನು ಅವರು ಕೇಳಿದ್ದರೆ ಊರು ಬಿಟ್ಟು ಓಡುತ್ತಿದ್ದರು. ಒಮ್ಮೆ ನಾನೇ ಕೇಳಿದೆ, ಹೀಗೆ ಕಿವುಡಿಯಂತೆ ಯಾಕೆ ಮಾಡ್ತೀ ಎಂದು. ಒಲೆಗೆ ಕಟ್ಟಿಗೆ ಸರಿಸುತ್ತ ಅಂದಳು: "ಹಸದ ಹುಡುಗರ ಬಾಯಾಗ ನಕೋ ಇರತೈತಿ, ಹೊಟ್ಟ್ಯಾಗ ನಾಕ ಇರತೈತಿ. ನಾ ಹೊಟ್ಟೀ ಮಾತ ಕೇಳ್ತೀನಿ."

ಊರು ಬೆಳೆಯಿತು. ಹಾಸ್ಟೆಲ್ಲುಗಳಲ್ಲೇ ಮೆಸ್ಸು ಬಂತು, ಅಲ್ಲಿ ನಕೋ ಎಂದರೆ ನಕೋ. ಒಬ್ಬೊಬ್ಬರೇ ಹುಡುಗರು ಕಡಿಮೆಯಾದರು, ಮನೆ ಬಿಲ್ಡರನ ಪಾಲಾಯಿತು, ನಾವು ಹಿಂದಿನ ಓಣಿಯ ಫ್ಲ್ಯಾಟಿಗೆ ಬಂದೆವು. ಅಲ್ಲಿಯ ಕಿಟಕಿಯಿಂದ ಸಾಮಾನಗಡ ಕಾಣುವುದಿಲ್ಲ, ಹಾಸ್ಟೆಲ್ಲಿನ ಬೆನ್ನು ಕಾಣುತ್ತದೆ. ಆಯಿ ಆ ಬೆನ್ನನ್ನು ನೋಡುತ್ತ ಕೂತಳು. ಮೊದಲು ನಮ್ಮ ಹೆಸರು ಮರೆತಳು, ಆಮೇಲೆ ಇದು ಯಾರ ಮನೆ ಎಂಬುದನ್ನು. ಕಡೆಗೆ ತಾನೇ ಯಾರದೋ ಮನೆಗೆ ಉಣ್ಣಲು ಬಂದ ಅತಿಥಿ ಎಂದುಕೊಂಡಳು. ಅವ್ವ ತುತ್ತು ಹಿಡಿದರೆ ಕೈ ಅಡ್ಡ ಹಿಡಿದು, ಭಾಳ ಮರ್ಯಾದೆಯಿಂದ, ಮರಾಠಿಯಲ್ಲಿ ಅನ್ನುತ್ತಿದ್ದಳು: "ನಕೋ. ಪೋಟ ಭರಲಂ." ಹೊಟ್ಟೆ ತುಂಬಿದೆಯಂತೆ. ಎರಡು ದಿನದಿಂದ ಏನೂ ಉಂಡಿರಲಿಲ್ಲ. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು.

ನಾನು ತಾಟು ಇಸಿದುಕೊಂಡೆ. ಮಾಸ್ತರರಾಗಿ ಕೆಮ್ಮಿದೆ, ಸ್ವಾಮಿಗಳಾಗಿ ಹರಸಿದೆ, ದಲಾಲನಾಗಿ ಸೀನಿದೆ. ಕೆಲಸಕ್ಕೆ ಬಾರದ ಸರ್ಕಸ್ಸು. ಆಕೆ ನನ್ನನ್ನು ದಾಟಿ ಗೋಡೆ ನೋಡುತ್ತಿದ್ದಳು. ಮತ್ತೆ "ನಕೋ" ಅಂದಾಗ ನನ್ನ ಗಂಟಲಿನಿಂದ ಆಕೆಯೇ ಎದ್ದು ಬಂದಳು: "ನಾಕ ಅಂದ್ಯೇನ? ತಗೋ, ನಾಕ!"

ಆಯಿ ಬೆಚ್ಚಿ ಅವ್ವನ ಕಡೆ ಬಾಗಿದಳು. ಎಷ್ಟೋ ದಿನದ ಮೇಲೆ ಕನ್ನಡ ಬಂತು. "ಯಾರ ಈಕಿ? ಭಾಳ ಜೋರ ಅದಾಳವಾ. ಬಿಡಂಗಿಲ್ಲ ಈಕಿ." ಆಮೇಲೆ ಬಾಯಿ ತೆರೆದಳು. ಒಂದು ತುತ್ತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಗೆದ್ದೆ ಅಂದುಕೊಂಡೆ ನಾನು, ಮಂಗ್ಯಾ.

ಮರುದಿನ ಮತ್ತೆ ಅದೇ ಧ್ವನಿ ಮಾಡಿದೆ. ಆಕೆ ತುಟಿ ಬಿಗಿದಳು. ನಕೋ ಎಂದೂ ಅನ್ನಲಿಲ್ಲ. ಅಂದಿದ್ದರೆ ನನ್ನ ಹತ್ತಿರ ಉತ್ತರವಿತ್ತು. ಆಯಿ ಆ ವಾರ ದಾಟಲಿಲ್ಲ.

ಮೊನ್ನೆ ಆ ಗಾಡಿಯಿಂದ ರೊಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದೆ. ಇಚಲಕರಂಜಿಯಿಂದ ಅಕ್ಕ ಬಂದಿದ್ದಳು, ಜೊತೆಗೆ ಮಗಳು. ಆ ಮಗುವಿನ ಮನೆಯಲ್ಲೂ ಶಾಲೆಯಲ್ಲೂ ಮರಾಠಿಯೇ. ಅರ್ಧ ರೊಟ್ಟಿ ಉಂಡು ತಾಟು ದೂಡಿ, "ಮಾಮಾ, ನಕೋ" ಅಂದಿತು. ಎಷ್ಟೋ ವರ್ಷ ನುಂಗಿಟ್ಟಿದ್ದ ಆಯಿಯ ಧ್ವನಿ ತಡೆಯಲಿಲ್ಲ. "ನಾಕ ಅಂದ್ಯೇನ ತಂಗೀ? ತಗೋ, ನಾಕ!"

ಒಳಗೆ ಅಕ್ಕ ತೊಳೆಯುತ್ತಿದ್ದ ಪಾತ್ರೆಯ ಸಪ್ಪಳ ನಿಂತಿತು. ಮಗು ನಗಲಿಲ್ಲ. ಮರಾಠಿಯಲ್ಲಿ ನಾಕ ಎಂದರೆ ಮೂಗು. ಅದು ತನ್ನ ಮೂಗಿನ ಮೇಲೆ ಬೆರಳಿಟ್ಟುಕೊಂಡು, ಮುಂದೇನು ಮಾಡಬೇಕು ಎಂದು ನನ್ನ ಮುಖವನ್ನೇ ನೋಡುತ್ತ ಕೂತಿತು.