ಛಾವಣಿ ಮುಟ್ಟಿ ನೋಡುವ ಕರುಣಾಕರ ಅಂಕಲ್

ಕರುಣಾಕರ ಅಂಕಲ್ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ಛಾವಣಿಯನ್ನು. "ಕೂತ್ಕೊಳ್ಳಿ ಅಂಕಲ್" ಎಂದು ಕುರ್ಚಿ ಎಳೆದರೆ ಕೂರುವ ಬದಲು ಅದರ ಮೇಲೆ ಹತ್ತಿ ನಿಲ್ಲುವ ಆಸಾಮಿ! ಆರಡಿ ಆಳು. ಅಂಗೈಯನ್ನು ಸೀಲಿಂಗಿಗೆ ಒತ್ತಿ, ಕಣ್ಣು ಮುಚ್ಚಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಒಂದು ನಿಮಿಷ ನಿಲ್ಲುವರು. ಆಮೇಲೆ ಇಳಿದು, "ನಿಮ್ಮ ಏಸಿ ಹೆಂಚನ್ನು ತಂಪು ಮಾಡ್ತಾ ಉಂಟು ಮಾರಾಯ್ತಿ, ನಿಮ್ಮನ್ನಲ್ಲ" ಎನ್ನುವರು.

ತೊಂಬತ್ತರ ದಶಕದ ಮಾತು. ನನ್ನ ಗಂಡ ಮೋಹನನಿಗೆ ಪರದೇಶದಲ್ಲಿ ಕೆಲಸ, ತಂಜಾಂಗ್ ಪಗಾರ್‌ನಲ್ಲಿ ಆಫೀಸು. ಕಾಂಡೋ ಫ್ಲ್ಯಾಟು ಬೇಡ, ನೆಲಕ್ಕೆ ಹತ್ತಿರ ಇರೋಣ ಅಂತ ನಾನೇ ಹಟ ಹಿಡಿದು ಗೋಡೆಗೆ ಗೋಡೆ ಅಂಟಿದ ಸಾಲಿನಲ್ಲಿ ಹೆಂಚಿನ ಹಳೇ ಟೆರೇಸ್ ಮನೆಯೊಂದನ್ನು ಬಾಡಿಗೆಗೆ ಹಿಡಿಸಿದ್ದೆ. ನನ್ನ ಹಟಕ್ಕಿಷ್ಟು ಬೆಂಕಿ ಹಾಕ! ಮಧ್ಯಾಹ್ನವಾದರೆ ಮಹಡಿಯ ಕೋಣೆ ಕಾದ ಹಂಚು. ಐದು ವರ್ಷದ ಮಗಳು ಪುಟ್ಟಿಯ ಬೆನ್ನ ತುಂಬ ಬೆವರುಸಾಲೆ. "ಅಮ್ಮಾ, ಸೋ ಹಾಟ್ ಲಾ" ಅಂತ ಅಲ್ಲಿಯವರ ಇಂಗ್ಲಿಷಿನಲ್ಲಿ ಅವಳ ಗೋಳು. ಏಸಿ ನಿಲ್ಲಿಸುವ ಹಾಗಿಲ್ಲ, ಕರೆಂಟ್ ಬಿಲ್ ನೋಡುವ ಹಾಗಿಲ್ಲ. ಓನರ್ ತಾತನ ಹತ್ತಿರ ಹೇಳಿದರೆ, "ಯು ಪೇ, ಯು ಡು ಲಾ" ಎಂದು ಕೈತೊಳೆದುಕೊಂಡ.

ಒಂದೇ ಗೋಡೆಯಾಚೆ ಕರುಣಾಕರ ಅಂಕಲ್ ಮನೆ. ಉಡುಪಿ ಕಡೆಯವರು, ಗಂಡಹೆಂಡತಿ ಮಾತಾಡುವುದು ತುಳು. ಮೂವತ್ತು ವರ್ಷದ ಹಿಂದೆಯೇ ಬಂದು ಶಿಪ್‌ಯಾರ್ಡಿನಲ್ಲಿ ಹಡಗಿನ ಪೈಪುಗಳಿಗೆ ಶಾಖ ತಡೆಯುವ ಹೊದಿಕೆ ಸುತ್ತುವ ಕೆಲಸಕ್ಕೆ ಸೇರಿ, ಫೋರ್‌ಮನ್ ಆಗಿ ರಿಟೈರ್ ಆದವರು. ಅವರ ಮನೆಯಲ್ಲಿ ಏಸಿಯೇ ಇಲ್ಲ, ಆದರೂ ಮಹಡಿ ತಣ್ಣಗೆ! ನಾನು ಅವರ ಹೆಂಡತಿ ಸುಮತಿ ಆಂಟಿಯ ಹತ್ತಿರ ಹರಟುವ ನೆಪದಲ್ಲಿ ಪುಟ್ಟಿಯನ್ನು ಅಲ್ಲೇ ಮಲಗಿಸುತ್ತಿದ್ದೆ. ಆಂಟಿಗೆ ಇಂಗ್ಲಿಷ್ ಬಾರದು. ಮಾರ್ಕೆಟ್ಟಿಗೆ ಬೇಕಾದಷ್ಟು ಮಲಯ್, ಮಿಕ್ಕಿದ್ದಕ್ಕೆಲ್ಲ ಅಂಕಲ್. ಆಗಲೇ ಆಂಟಿಗೆ ಬಿಡದ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು.

ನಮ್ಮ ಮನೆಯ ಛಾವಣಿಗೆ ಯಾವ ಹೊದಿಕೆ ಹಾಕಿಸುವುದು ಅಂತ ಅಂಕಲ್ ಮೂರು ವಾರ ನನ್ನ ತಲೆ ತಿಂದರು. ಗಾಜಿನ ಎಳೆಗಳ ಹತ್ತಿಯಂಥ ಗ್ಲಾಸ್ ವೂಲಿನ ಒಂದು ತುಂಡು, ಬೆಳ್ಳಿ ಬಣ್ಣದ ಫಾಯಿಲಿನ ಒಂದು ತುಂಡು ತಂದು ಊಟದ ಮೇಜಿನ ಮೇಲಿಟ್ಟು ಪಾಠ. "ಫಾಯಿಲ್ ಹೆಂಚಿನ ಕೆಳಗೆ. ಹೆಂಚಿಗೆ ತಾಗ್ಬಾರದು, ನಡುವೆ ಗಾಳಿ ಆಡ್ಬೇಕು. ಗ್ಲಾಸ್ ವೂಲ್ ಸೀಲಿಂಗ್ ಮೇಲೆ, ಹಾಸಿಗೆ ಹಾಸಿದ ಹಾಗೆ. ಒತ್ತಿ ತುಂಬಬೇಡಿ, ಒತ್ತಿದ್ರೆ ಕೆಲಸ ಮಾಡೋದಿಲ್ಲ. ಲೈಟಿನ ವಯರ್ ಮೇಲೆ ಮುಚ್ಚಬೇಡಿ." ನಾನು ಕೇಳಿದೆ, "ನಿಮ್ಮ ಮನೇಲಿ ಯಾವ್ದು ಹಾಕಿದೀರಾ ಅಂಕಲ್? ಅದನ್ನೇ ಹೇಳಿ ಸಾಕು." ಅವರು ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು, "ಅದು ಈಗ ಸಿಗೋದಿಲ್ಲ" ಅಂತ ಎದ್ದುಹೋದರು.

ನನಗೆ ಉರಿಯಿತು. ಅದಕ್ಕೂ ಕಾರಣವಿತ್ತು. ಹಿಂದಿನ ದಿನವೇ ಆಂಟಿ ಹೇಳಿದ್ದರು, "ನಮ್ಮ ಮನೆಗೆ ಹಾಕಿದ್ದೇ ಅಟ್ಟದ ಮೇಲೆ ಎರಡು ಮೂಟೆ ಮಿಕ್ಕಿದೆ. ಇವ್ರು ಎಸೆಯೋದೂ ಇಲ್ಲ, ಯಾರಿಗೂ ಕೊಡೋದೂ ಇಲ್ಲ. ನೀವೇ ತಗೊಳ್ಳಿ." ನಮ್ಮ ಎರಡು ಮನೆಗಳ ನಡುವಿನ ಗೋಡೆ ಸೀಲಿಂಗಿಗೇ ನಿಂತಿತ್ತು, ಅದರ ಮೇಲೆ ಹೆಂಚಿನ ಕೆಳಗೆ ಎರಡಕ್ಕೂ ಒಂದೇ ಅಟ್ಟ. ಎಂಥಾ ಜಿಪುಣ ಈ ಮನುಷ್ಯ ಅಂದುಕೊಂಡು, ಭಾನುವಾರ ಬೆಳಿಗ್ಗೆ ನಾನೇ ಮೋಹನನನ್ನು ಏಣಿ ಹತ್ತಿಸಿದೆ. ಅವನು ಅಟ್ಟದೊಳಗೆ ತೆವಳಿ ಹೋಗಿ ಆಚೆ ಮನೆಯ ಒಂದು ಮೂಟೆಯನ್ನು ದರದರ ಎಳೆದು ತಂದು, ಕಿಂಡಿಯಿಂದ ನಮ್ಮ ಕೋಣೆಗೆ ಇಳಿಸಿದ. ಮೂಟೆಯ ಬಾಯಿ ಬಿಚ್ಚಿಯೇ ಹೋಯಿತು. ಬೂದುಬಿಳಿ ಬಣ್ಣದ ಮೆತ್ತನೆ ಹತ್ತಿ. ಪುಟ್ಟಿ ಒಂದು ಹಿಡಿ ಎತ್ತಿಕೊಂಡು, "ಗೊಂಬೆಗೆ ದಿಂಬು!" ಎಂದಳು.

ಆಗ ಬಾಗಿಲಲ್ಲಿ ಅಂಕಲ್. ಬರಿಗಾಲು, ಬನಿಯನ್. ಮೂಟೆ ಎಳೆದ ಸದ್ದು ಅವರ ತಲೆಯ ಮೇಲೆಯೇ ಹೋಗಿತ್ತಲ್ಲ! ಎಂದೂ ದನಿ ಏರಿಸದ ಮನುಷ್ಯ ನನ್ನ ಮಗಳ ಕೈ ಮೇಲೆ ಫಟ್ ಅಂತ ಹೊಡೆದರು. ಹತ್ತಿ ಕೆಳಗೆ ಬಿತ್ತು. ಪುಟ್ಟಿ ಕಿರುಚಿಕೊಂಡಳು. "ಏನ್ ಅಂಕಲ್ ಇದು!" ಅಂತ ನಾನು ಬಾಯಿ ತೆಗೆಯುವಷ್ಟರಲ್ಲಿ, "ಉಸಿರು ಹಿಡ್ಕೊಳ್ಳಿ! ಹೊರಗೆ ನಡೀರಿ! ಫ್ಯಾನ್ ಆಫ್ ಮಾಡಿ!" ಒದ್ದೆ ಬೆಡ್‌ಶೀಟ್ ತಂದು ಮೂಟೆಯ ಮೇಲೆ ಹೊದಿಸಿ, ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿದರು. ಮೂವರಿಗೂ ತಲೆಗೆ ಸ್ನಾನ. ಹಾಕಿದ್ದ ಬಟ್ಟೆಯೆಲ್ಲ ಪ್ಲಾಸ್ಟಿಕ್ ಚೀಲಕ್ಕೆ. ಎಲ್ಲ ಮುಗಿದ ಮೇಲೆ ನಮ್ಮ ಮೆಟ್ಟಿಲ ಮೇಲೆ ಕೂತು, ತಮ್ಮ ಎರಡು ಅಂಗೈಗಳನ್ನು ನೋಡುತ್ತ ಹೇಳಿದರು.

"ಅದು ಆಸ್ಬೆಸ್ಟಾಸ್, ಗೀತಾ. ಆಗ ಹಡಗಿಗೆಲ್ಲ ಅದನ್ನೇ ಸುತ್ತೋದು. ಮಿಕ್ಕಿದ್ದನ್ನು ದಿನಾ ಚೀಲದಲ್ಲಿ ಮನೆಗೆ ತಂದೆ. ಸುಮತಿಗೆ ಸೆಕೆ ಆಗೋದಿಲ್ಲ ಅಂತ. ಅದರ ಧೂಳು ಶ್ವಾಸಕೋಶದಲ್ಲಿ ಕೂತು ಎಷ್ಟೋ ವರ್ಷದ ಮೇಲೆ ಕೊಲ್ತದೆ ಅಂತ ಆಗ ನಮಗೆ ಯಾರೂ ಹೇಳ್ಲಿಲ್ಲ. ಮೈ ತುಂಬ ಬಿಳಿ ಧೂಳು ಹೊತ್ತು ಬರ್ತಿದ್ದೆ. ಅವಳು ಬಾಗಿಲಲ್ಲೇ ನನ್ನ ಅಂಗಿ ಕೊಡವಿ ಒಗೀಲಿಕ್ಕೆ ಹಾಕ್ತಿದ್ಳು."

ನಾನು ಪುಟ್ಟಿಯ ಒದ್ದೆ ಕೂದಲನ್ನು ಇನ್ನೊಮ್ಮೆ ಒರೆಸಿದೆ. ಅಂಕಲ್ ಮುಂದುವರಿಸಿದರು.

"ಹೋದ ತಿಂಗಳು ಸುಮತಿಯ ಡಾಕ್ಟ್ರು ಇಂಗ್ಲಿಷಲ್ಲಿ ಕೇಳಿದ್ರು, ಮನೇಲಿ ಯಾರಾದ್ರೂ ಶಿಪ್‌ಯಾರ್ಡಲ್ಲಿ ಇದ್ರಾ, ಅವರ ಬಟ್ಟೆ ಒಗೀತಿದ್ರಾ ಅಂತ. ಎದುರಿಗೆ ನಾನೇ ಕೂತಿದ್ದೇನೆ! ಇನ್ನು ಹೆಚ್ಚು ದಿನ ಇಲ್ಲ ಅಂದ್ರು. ಇವಳು 'ಎಂತ ಹೇಳಿದ್ರು?' ಅಂದ್ಳು. ನಾನು 'ನಿನಗೆ ಧೂಳು ಆಗೋದಿಲ್ವಂತೆ' ಅಂದೆ. ಇಪ್ಪತ್ತು ವರ್ಷ ಕೈಯಲ್ಲಿ ಮುಟ್ಟಿದವ ನಾನು. ನನಗೆ ಒಂದು ಕೆಮ್ಮೂ ಇಲ್ಲ."

ಆ ಮೂಟೆಗಳನ್ನು ಯಾಕೆ ಎಸೆದಿರಲಿಲ್ಲ ಅಂತ ಆಗ ಗೊತ್ತಾಯಿತು. ಎಸೆಯಬೇಕಾದರೆ ಅದು ಏನೆಂದು ಆಂಟಿಗೆ ಹೇಳಬೇಕಿತ್ತು. ಅಯ್ಯೋ ದೇವರೇ, ಪುಟ್ಟಿ ಅದೇ ಸೀಲಿಂಗಿನ ಕೆಳಗೆ ಎಷ್ಟು ಮಧ್ಯಾಹ್ನ ಮಲಗಿದ್ದಳೋ! ಬೈದೆ, ಬಾಯಿಗೆ ಬಂದಂತೆ ಬೈದೆ. ಕೊನೆಗೆ ಹೇಳಿದೆ, "ಆಂಟಿಗೆ ನಿಜ ಹೇಳಿ ಅಂಕಲ್. ಅವರ ಕಾಯಿಲೆ ಅದು, ನಿಮ್ಮದಲ್ಲ. ನೀವು ಹೇಳದಿದ್ರೆ ನಾನೇ ಹೇಳ್ತೀನಿ."

"ನಾನೇ ಹೇಳ್ತೇನೆ. ಎರಡು ದಿನ ಕೊಡಿ."

ಮರುದಿನವೇ ಅದನ್ನು ತೆಗೆಯುವವರನ್ನು ಕರೆಸಿದರು. ಮೈಮುಚ್ಚುವ ಬಿಳಿ ಉಡುಪು, ಮುಖವಾಡ. ಕೆಲಸ ಮುಗಿಯುವ ತನಕ ಎರಡು ಮನೆಯವರೂ ಹೊರಗಿದ್ದೆವು. "ಎಂತದಂತೆ?" ಅಂತ ಆಂಟಿ ಕೇಳಿದಾಗ ಅಂಕಲ್ ನನ್ನ ಮುಖ ನೋಡಲಿಲ್ಲ. "ಗೆದ್ದಲು" ಎಂದರು. ಅಷ್ಟು ದೊಡ್ಡದಾಗಿ ಮಾತಾಡಿದ್ದೆನಲ್ಲ, ನಿಜ ಹೇಳಲು ನನಗೂ ಆಗಲಿಲ್ಲ. ಆಮೇಲೆ ಅಂಕಲ್ ತಾವೇ ಅಳತೆಯ ಟೇಪ್ ಹಿಡಿದು ನಿಂತು ನಮ್ಮ ಮನೆಗೆ ಫಾಯಿಲು, ಗ್ಲಾಸ್ ವೂಲು ಹಾಕಿಸಿದರು. ಕುರ್ಚಿ ಹತ್ತಿ ಅಂಗೈ ಒತ್ತಿ, "ಈಗ ಸರಿ ಉಂಟು" ಎಂದರು. ಸರಿಯಾಗಿಯೇ ಇತ್ತು, ಏಸಿ ಅರ್ಧಕ್ಕರ್ಧ ನಿಂತಿತು. ಬಿಲ್ ಇಳಿದ ಸಂತೋಷ ಮಾತ್ರ ನನಗೆ ಆಗಲಿಲ್ಲ.

ಎರಡು ದಿನ ಎರಡು ತಿಂಗಳಾಯಿತು. ಆಂಟಿ ಆಸ್ಪತ್ರೆ ಸೇರಿದವರು ತಿರುಗಿ ಬರಲಿಲ್ಲ. ಅಂಕಲ್ ಮನೆ ಖಾಲಿ ಮಾಡಿ ಯಿಶುನ್‌ನಲ್ಲಿ ಮಗಳ ಫ್ಲ್ಯಾಟಿಗೆ ಶಿಫ್ಟ್ ಆದರು.

ನಾವು ಊರಿಗೆ ವಾಪಸಾಗುವ ಮುಂಚೆ ಒಮ್ಮೆ ನೋಡಲು ಹೋದೆ. ಅದೇ ಕೊನೆ. ಅವರ ಮಗಳು ಅಡುಗೆಮನೆಯಲ್ಲಿದ್ದಳು. ನಾನು ಬೇಕೆಂದೇ, "ಇಲ್ಲಿ ಸೆಕೆ ಹೇಗೆ ಅಂಕಲ್?" ಎಂದೆ. ಅವರು ಛಾವಣಿಯ ಕಡೆ ತಲೆ ಎತ್ತಲಿಲ್ಲ. ಕುರ್ಚಿಯಲ್ಲಿ ಎಲ್ಲರ ಹಾಗೆ ಕೂತಿದ್ದರು. ಎರಡು ಅಂಗೈಯೂ ತೊಡೆಯ ಕೆಳಗೆ.

"ಹೇಳಿದ್ರಾ ಅಂಕಲ್?" ಮೆಲ್ಲಗೆ ಕೇಳಿದೆ.

"ಹೇಳ್ದೆ. ಕೊನೆಯ ವಾರ."

"ಏನಂದ್ರು?"

"ಬೈತಾಳೆ ಅಂತ ಕಾದೆ. ಬೈಲಿಲ್ಲ. 'ಮಗಳ ಶಾಲೆ ಯೂನಿಫಾರ್ಮನ್ನೂ ನಿಮ್ಮ ಅಂಗಿಯ ಬಕೆಟ್ಟಲ್ಲೇ ನೆನೆಸ್ತಿದ್ದೆನಲ್ಲ' ಅಂದ್ಳು."

ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಅಂದಿತು. ಒಣಮೆಣಸಿನ ಘಾಟಿಗೆ ನಾನೂ ಕೆಮ್ಮಿದೆ, ಒಳಗೆ ಮಗಳೂ ಕೆಮ್ಮಿದಳು. ಅಂಕಲ್ ಎದ್ದು ನಿಂತುಬಿಟ್ಟರು.

"ಒಗ್ಗರಣೆ ಘಾಟು ಅಂಕಲ್, ಅಷ್ಟೇ" ಎಂದೆ.

"ಹೌದು, ಹೌದು" ಎಂದರು. ಕೂರಲಿಲ್ಲ. ಅಡುಗೆಮನೆಯ ಕಡೆ ಕಿವಿಗೊಟ್ಟು ಹಾಗೇ ನಿಂತಿದ್ದರು.