ಲೋಕಾಪುರ–ಮುಧೋಳ ರಸ್ತೆಯಲ್ಲಿ ಕಾರಣವಿಲ್ಲದ ಜಾಮ್

ನಾನು ಮುಧೋಳದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ಈಚಿನ ವರ್ಷಗಳಲ್ಲಿ ಗಣಿತದವರು ರಸ್ತೆಯ ವಾಹನಗಳನ್ನು ಹರಿಯುವ ನೀರಿನ ಹಾಗೆ ಲೆಕ್ಕ ಹಾಕಿ ಒಂದು ವಿಚಿತ್ರ ತೋರಿಸಿಕೊಟ್ಟಿದ್ದಾರೆ: ಅಪಘಾತವಿಲ್ಲ, ಕೆಟ್ಟು ನಿಂತ ಗಾಡಿಯಿಲ್ಲ, ಆದರೂ ಜಾಮ್ ಹುಟ್ಟುತ್ತದೆ. ಒತ್ತೊತ್ತಾಗಿ ಹೋಗುವಾಗ ಯಾರೋ ಒಬ್ಬ ತುಸುವೇ ಬ್ರೇಕ್ ಒತ್ತುತ್ತಾನೆ. ಹಿಂದಿನವನು ಗಾಬರಿಬಿದ್ದು ಇನ್ನಷ್ಟು, ಅವನ ಹಿಂದಿನವನು ಮತ್ತಷ್ಟು. ಆ ನಿಲುಗಡೆ ಅಲೆಯಾಗಿ ಹಿಂದಕ್ಕೆ ಸಾಗುತ್ತದೆ. ಮೊದಲು ಬ್ರೇಕ್ ಒತ್ತಿದವನು ಅಷ್ಟರಲ್ಲಿ ಮನೆ ಸೇರಿರುತ್ತಾನೆ. "ತಪ್ಪು ಯಾರದೂ ಅಲ್ಲ!" ಎಂದು ಹೇಳಿ ಹುಡುಗರ ಮುಂದೆ ಮೀಸೆ ತಿರುವುತ್ತಿದ್ದೆ. ಬಹಳ ಖುಷಿಯ ಪಾಠ ನನಗದು.

ಕಬ್ಬಿನ ಹಂಗಾಮು. ಚೊಚ್ಚಲ ಹೆರಿಗೆಗೆಂದು ಲೋಕಾಪುರದ ನಮ್ಮ ಮನೆಗೆ ಬಂದಿದ್ದ ತಂಗಿಗೆ ಒಂದು ಮಧ್ಯಾಹ್ನ ರಕ್ತ ಹೋಗತೊಡಗಿತು. "ತಡಾ ಮಾಡಬ್ಯಾಡ್ರಿ, ಮುಧೋಳಕ್ಕ ಒಯ್ರಿ," ಎಂದರು ಊರಿನ ಡಾಕ್ಟರು. ಕಾರಿನ ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಅವಳು ಮಲಗಿದಳು. ಅರ್ಧ ದಾರಿಯಲ್ಲಿ ಎಲ್ಲವೂ ನಿಂತಿತು. ಮುಂದೆ ಎರಡೆರಡು ಟ್ರಾಲಿ ಕಬ್ಬು ಎಳೆಯುವ ಟ್ರ್ಯಾಕ್ಟರುಗಳ ಸಾಲು; ಎದುರಿನಿಂದ ಖಾಲಿ ಟ್ರಾಲಿಗಳು ಬರುತ್ತಲೇ ಇದ್ದವು. ನುಗ್ಗಲು ಜಾಗವೇ ಇಲ್ಲ.

"ಹಾರ್ನ್ ಹೊಡಿಯೋ! ಯಾಕ ಸುಮ್ನ ಕುಂತಿ?" ಅವ್ವ ಕೂಗಿದಳು.

ಹೊಡೆದೆ. ನಾಲ್ಕು ಮಾರು ಸರಿಯುವುದು, ಮತ್ತೆ ನಿಲ್ಲುವುದು.

"ಅಣ್ಣಾ, ಕೂಸು ಮಿಸುಕಾಡವಲ್ದು," ಎಂದಳು ತಂಗಿ.

ನಾನು ಮತ್ತೆ ಹಾರ್ನ್ ಒತ್ತಿ ಹಿಡಿದೆ. "ಯಾವನೋ ಅಂವ, ನಡು ದಾರ್ಯಾಗ ಗಾಡಿ ಕೆಡಿಸ್ಕೊಂಡು ನಿಂತಾಂವ? ಅವನ ಮನಿ ಹಾಳಾಗ್ಲಿ!" ಎಂದು ಅವ್ವ ಹಲ್ಲು ಕಡಿದಳು. ಖರೆ ಹೇಳಬೇಕೆಂದರೆ ನನಗೂ ಅಂಥವನೊಬ್ಬ ಬೇಕಾಗಿತ್ತು. ಸಿಕ್ಕಿದ್ದರೆ ಕೊರಳಪಟ್ಟಿ ಹಿಡಿದು ಕೆಳಗೆಳೆಯುತ್ತಿದ್ದೆ.

ಬಹಳ ಹೊತ್ತಿನ ಮೇಲೆ ಸಾಲು ತಾನಾಗಿಯೇ ಸಡಿಲಾಯಿತು. ನಾನೂ ಅವ್ವನೂ ಎರಡೂ ಬದಿ ನೋಡುತ್ತಲೇ ಹೋದೆವು. ಉರುಳಿದ ಗಾಡಿಯಿಲ್ಲ, ಪಂಕ್ಚರಿಲ್ಲ, ಪೊಲೀಸರಿಲ್ಲ. ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ತಮ್ಮ ಪಾಡಿಗೆ ಹೊರಟಿದ್ದವು. ಅವ್ವನಿಗೆ ಬೈಯಲು ಯಾರೂ ಸಿಗಲಿಲ್ಲ.

ತಂಗಿ ಉಳಿದಳು. ಕೂಸು ಉಳಿಯಲಿಲ್ಲ.

ಮರುದಿನ ಆಸ್ಪತ್ರೆಯ ಮಂಚದಲ್ಲಿ ಅವಳು ಕೇಳಿದಳು: "ಅಣ್ಣಾ, ರಸ್ತಾದಾಗ ಮುಂದ ಏನಾಗಿತ್ತು?"

ಪಾಠ ನಾಲಿಗೆಯ ತುದಿಗೆ ಬಂತು. ಏನೂ ಆಗಿರಲಿಲ್ಲ, ತಪ್ಪು ಯಾರದೂ ಅಲ್ಲ. ಥೂ! ಕೂಸು ಕಳಕೊಂಡವಳಿಗೆ ಹೇಳುವ ಮಾತೇ ಅದು?

"ಕಬ್ಬಿನ ಟ್ರಾಲಿ ಪಲ್ಟಿ ಆಗಿತ್ತವಾ," ಎಂದೆ.

ಅವ್ವ ನನ್ನನ್ನೊಮ್ಮೆ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಯತ್ತ ತಿರುಗಿದಳು. ತಂಗಿ ಛಾವಣಿ ನೋಡುತ್ತ ಮಲಗಿದ್ದಳು.

"ಪಾಪ," ಎಂದಳು. "ಡ್ರೈವರ್ ಉಳದಾನೋ ಇಲ್ಲೋ?"